ಶೇಕಡಾ ಒಂದರ ಉಕ್ಕಿನ ಕೈ

ನಮ್ಮ ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಒಂದು ಕೈ ಗೋಡೆಗೆ ನೇತಾಡುತ್ತಿತ್ತು. ಸ್ಟೇನ್‌ಲೆಸ್ ಸ್ಟೀಲಿನ ಕೈ. ಒಂದು ಮಿಲಿಮೀಟರ್ ದಪ್ಪದ ತಗಡಿನಲ್ಲಿ, ಐದೂ ಬೆರಳು ಒತ್ತಾಗಿ ಸೇರಿಸಿಟ್ಟ ಬಲಗೈಯ ಆಕಾರಕ್ಕೆ ಕತ್ತರಿಸಿದ್ದು. ಅಂಚುಗಳನ್ನು ನುಣುಪಾಗಿ ಉಜ್ಜಿದ್ದರು, ಮಣಿಕಟ್ಟಿನ ಬಳಿ ತೂತು ಕೊರೆದಿದ್ದರು, ಅಂಗೈಯ ನಡುವೆ ‘1%’ ಎಂದು ಕೆತ್ತಿದ್ದರು. ಯಾರಿಗಾದರೂ ಸುಟ್ಟರೆ ಗಾಯ ಎಷ್ಟಿದೆ ಎಂದು ಆ ಕೈಯಿಂದ ಅಳೆಯಬೇಕಿತ್ತು. ಮೂರು ವರ್ಷ ನಾನು ಅಳೆದೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನ್ನ ರಕ್ತ ಕುದಿಯುತ್ತದೆ. ಆ ಕೋಪದಲ್ಲಿ ಅರ್ಧ ಪಾಲು ನನ್ನ ಮೇಲೆಯೇ.

ನಾನು ನರ್ಸ್. ದಾವಣಗೆರೆ ಕಡೆಯವಳು, ಪೀಣ್ಯಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ವಾಹನಗಳ ಬಿಡಿಭಾಗ ಮಾಡುವ ಈ ಕಾರ್ಖಾನೆಯಲ್ಲಿ ಎರಡನೇ ಗೇಟಿನ ಪಕ್ಕ, ಕ್ಯಾಂಟೀನಿಗೂ ಬೈಕ್ ಸ್ಟ್ಯಾಂಡಿಗೂ ನಡುವೆ ನನ್ನ ಕೋಣೆ. ಕಣ್ಣಿಗೆ ಬಿದ್ದ ಕಬ್ಬಿಣದ ಪುಡಿ, ಕುಯ್ದುಕೊಂಡ ಹೆಬ್ಬೆರಳು, ತಿಂಡಿ ತಿನ್ನದೆ ಬಂದು ತಲೆ ಸುತ್ತಿ ಬಿದ್ದವರು, ಇವೇ ನನ್ನ ದಿನಗಳು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲೂ ಹೇಳುತ್ತಾರೆ, ಕಾರ್ಖಾನೆಯಲ್ಲೂ ಹೇಳುತ್ತಾರೆ. ಬೇಕಾದ ದಿನ ಮಾತ್ರ ಅದು ಬರಲಿಲ್ಲ.

ಸುಟ್ಟ ಗಾಯದ ಲೆಕ್ಕ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಗಾಯ ಮೈಯ ಎಷ್ಟು ಭಾಗಕ್ಕೆ ಹರಡಿದೆ ಎನ್ನುವುದನ್ನು ನೂರರಲ್ಲಿ ಇಷ್ಟು ಎಂದು ಹೇಳುತ್ತೇವೆ. ಡ್ರಿಪ್ಪಿನಲ್ಲಿ ಎಷ್ಟು ನೀರು ಕೊಡಬೇಕು, ಯಾವ ಆಸ್ಪತ್ರೆಗೆ ಕಳಿಸಬೇಕು, ಎಲ್ಲಕ್ಕೂ ಆ ಅಂಕಿಯೇ ಮೊದಲು. ಅವಸರದಲ್ಲಿ ಅದನ್ನು ಅಂದಾಜು ಮಾಡಲು ಒಂದು ಸುಲಭ ದಾರಿಯಿದೆ. ಗಾಯಗೊಂಡವರ ಅಂಗೈ, ಮುಚ್ಚಿ ಹಿಡಿದ ಬೆರಳೂ ಸೇರಿ, ಅವರ ಮೈಯ ನೂರನೇ ಒಂದು ಭಾಗ, ಹೆಚ್ಚುಕಡಿಮೆ. ಎಷ್ಟು ಕೈ ಅಗಲ ಸುಟ್ಟಿದೆಯೋ ಅಷ್ಟು ಶೇಕಡಾ. ನಮಗೆ ಪಾಠ ಹೇಳಿದ ಟೀಚರ್ ಇದನ್ನು ಹೇಳುವಾಗ ಡೆಸ್ಕಿಗೆ ಸ್ಕೇಲಿನಿಂದ ಬಡಿಯುತ್ತಿದ್ದರು. “ಯಾರ ಕೈ? ಪೇಷಂಟ್ ಕೈ! ನಿಮ್ಮದಲ್ಲ!” ಎಂದು ಮೂವತ್ತು ಹುಡುಗಿಯರ ಬಾಯಲ್ಲಿ ಒಟ್ಟಿಗೆ ಹೇಳಿಸುತ್ತಿದ್ದರು. ಪುಟ್ಟ ಮೈಗೆ ಪುಟ್ಟ ಕೈ, ದೊಡ್ಡ ಮೈಗೆ ದೊಡ್ಡ ಕೈ. ಅಳತೆಗೋಲು ಮೈಯ ಜೊತೆಗೇ ಬಂದಿರುತ್ತದೆ. ಇದಕ್ಕಿಂತ ಸರಳವಾದ ಮಾತು ವೈದ್ಯಕೀಯದಲ್ಲಿ ಬೇರೆ ಇಲ್ಲ ಎಂದು ನನಗೆ ಆಗ ಅನ್ನಿಸಿತ್ತು.

ಆದರೆ ಪೀಣ್ಯಕ್ಕೆ ಸರಳವಾದದ್ದು ರುಚಿಸುವುದಿಲ್ಲ. ಇಲ್ಲಿ ಕಣ್ಣಳತೆಯನ್ನು ಯಾರೂ ನಂಬುವುದಿಲ್ಲ. ಒಂದು ಪಿನ್ನಿನ ದಪ್ಪ ಸರಿಯಿದೆಯೇ ಎಂದು ನೋಡಲು ಅದೇ ಅಳತೆಯ ಉಕ್ಕಿನ ಬಳೆ ಇರುತ್ತದೆ. ಪಿನ್ನು ಅದರೊಳಗೆ ತೂರಿದರೆ ಪಾಸು, ಸಿಕ್ಕಿಕೊಂಡರೆ ಫೇಲು. ಅದಕ್ಕೆ ಗೇಜ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಒಂದು ಗೇಜ್, ಪ್ರತಿ ಗೇಜಿಗೂ ಒಂದು ನಂಬರ್. ಪಿನ್ನಿನ ಮಟ್ಟಿಗೆ ಅದು ಸರಿಯೇ. ಎಲ್ಲ ಪಿನ್ನೂ ಒಂದೇ ಇರಬೇಕು ತಾನೇ.

ಒಂದು ದಿನ ಹೊರಗಿನಿಂದ ಬಂದ ಆಡಿಟರ್ ನನ್ನ ರಿಜಿಸ್ಟರ್ ತಿರುವಿ ಹಾಕಿದರು. ಸುಟ್ಟ ಗಾಯದ ಅಂಕಿಗಳನ್ನು ಯಾವುದರಿಂದ ಅಳೆಯುತ್ತೀರಿ ಎಂದು ಕೇಳಿದರು. ಗಾಯಗೊಂಡವರ ಕೈಯಿಂದ ಎಂದೆ. “ಅಂದ್ರೆ ನಿಮ್ಮ ಅಳತೆಗೋಲು ದಿನಾ ಚೇಂಜ್ ಆಗುತ್ತಾ?” ಎಂದರು. ಪಕ್ಕದಲ್ಲಿ ನಿಂತಿದ್ದ ನಮ್ಮ ಸೇಫ್ಟಿ ಆಫೀಸರ ಮುಖ ಇಳಿದುಹೋಯಿತು. ವಾರದೊಳಗೆ ಅದಕ್ಕೂ ಒಂದು ಗೇಜ್ ತಯಾರಾಯಿತು.

ಯಾರ ಕೈಯ ಅಳತೆಗೆ? ಸೇಫ್ಟಿ ಆಫೀಸರ ಕೈಯ ಅಳತೆಗೆ. ಅವರೇ ಗೇಜುಗಳನ್ನು ತಯಾರಿಸುವ ಟೂಲ್ ರೂಮಿಗೆ ಹೋಗಿ ಹಾಳೆಯ ಮೇಲೆ ಅಂಗೈ ಊರಿ ಸುತ್ತ ಗೆರೆ ಎಳೆಸಿಕೊಂಡು ಬಂದರು. ಆರಡಿಗೂ ಮೇಲಿನ ಆಳು, ಕಾಲೇಜಿನಲ್ಲಿ ವಾಲಿಬಾಲ್ ಆಡಿದವರು. ಅವರ ಅಂಗೈ ಮೇಲೆ ಜೋಳದ ರೊಟ್ಟಿ ತಟ್ಟಬಹುದು. ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ. ಹೆಲ್ಮೆಟ್ ಹಾಕದವರನ್ನು ಗೇಟಿನಲ್ಲೇ ನಿಲ್ಲಿಸುತ್ತಿದ್ದರು, ಹಬ್ಬಕ್ಕೆ ನನಗೆ ಎಳ್ಳುಬೆಲ್ಲ ತಂದುಕೊಡುತ್ತಿದ್ದರು. ಆದರೆ ತನ್ನ ಕೈ ಎಲ್ಲರ ಕೈಯೂ ಹೌದು ಎಂದು ನಂಬಲು ಅವರಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲವಲ್ಲ, ಅದನ್ನು ನಾನು ಹೇಗೆ ಕ್ಷಮಿಸಲಿ?

ಟೂಲ್ ರೂಮಿನ ಹಿರಿಯ ಮೇಸ್ತ್ರಿ ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ತಂದು ನನ್ನ ಮೇಜಿನ ಮೇಲಿಟ್ಟರು. “ಎಂಗೈತೆ ಮೇಡಂ? ಸಕ್ಕತ್ತಾಗ್ ಬಂದೈತಲ್ಲ? ಒಂದ್ ಕೂದ್ಲೆಳೆ ಆಚೆ ಈಚೆ ಇಲ್ಲ.”

ನಿಜವಾಗಿಯೂ ಚೆನ್ನಾಗಿ ಬಂದಿತ್ತು. ಕಿರುಬೆರಳಿನ ಬಾಗು ಕೂಡ ಹಾಗೇ ಇತ್ತು. ಆರು ತಿಂಗಳಿಗೊಮ್ಮೆ ಅದನ್ನು ಒಯ್ದು, ಉದ್ದ ಅಗಲ ಪರೀಕ್ಷಿಸಿ, ಹೊಸ ಚೀಟಿ ಅಂಟಿಸಿ ಕಳಿಸುತ್ತಿದ್ದರು. ನಮ್ಮ ಕಾರ್ಮಿಕರಿಗೆ ವರ್ಷಕ್ಕೆ ಒಂದು ಆರೋಗ್ಯ ತಪಾಸಣೆ. ಆ ಕೈಗೆ ಎರಡು.

ನಾನು ಮಾತಾಡಲಿಲ್ಲವೇ ಎಂದರೆ, ಒಂದು ಸಲ ಮಾತಾಡಿದೆ. “ಸಾರ್, ಪೇಷಂಟ್ ಕೈಯಿಂದಲೇ ಅಳೀಬೇಕು ಅಂತ ನಮ್ಗೆ ಕಲಿಸಿರೋದು” ಎಂದೆ. “ಮೇಡಂ, ಸ್ಟ್ಯಾಂಡರ್ಡ್ ಅಂದ್ರೆ ಒಂದೇ ಇರ್ಬೇಕು ಕಣ್ರೀ. ಒಬ್ಬೊಬ್ರಿಗೆ ಒಂದೊಂದು ಅಂದ್ರೆ ಅದನ್ನ ಸ್ಟ್ಯಾಂಡರ್ಡ್ ಅಂತಾರಾ?” ಎಂದು ನಕ್ಕರು. ನಾನೂ ಸುಮ್ಮನಾದೆ. ಸುಳ್ಳು ಹೇಳುವುದೇಕೆ, ಅನುಕೂಲವೂ ಆಗಿತ್ತು. ನೋವಿನಲ್ಲಿ ಮುಷ್ಟಿ ಬಿಗಿಹಿಡಿದು ಅಳುವವರ ಬೆರಳು ಬಿಡಿಸಿ ಕೈ ತೋರಿಸಿ ಎನ್ನಬೇಕಿರಲಿಲ್ಲ. ಉಕ್ಕಿನ ಕೈಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೆ ಆಯಿತು, ಗಾಯಕ್ಕೆ ತಾಗದಂತೆ ಒಂದು ಬೆರಳಿನಷ್ಟು ಮೇಲೆ ಹಿಡಿದರೆ ಆಯಿತು. ಬರುತ್ತಿದ್ದ ಗಾಯಗಳೂ ಚಿಕ್ಕವು. ಅರ್ಧ, ಒಂದು, ಒಂದೂವರೆ. ಅಷ್ಟು ಚಿಕ್ಕ ಗಾಯದಲ್ಲಿ ಯಾರ ಕೈ ಆದರೇನು ಎಂದುಕೊಂಡೆ. ತಪ್ಪು ಅಳತೆ ಚಿಕ್ಕ ಗಾಯದಲ್ಲಿ ಅಡಗಿ ಕೂತಿರುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಹೊಳೆಯುವಂತೆ ಮಾಡಿದವಳು ವಾಷಿಂಗ್ ಲೈನಿನ ಒಬ್ಬ ಹೆಂಗಸು. ಕೊಪ್ಪಳದ ಕಡೆಯವಳು, ಲಗ್ಗೆರೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಅಕ್ಕನ ಜೊತೆ ಇದ್ದಳು. ಐದಡಿಗೆ ಮೂರು ಬೆರಳು ಕಡಿಮೆ. ಕಂಪನಿ ಕೊಟ್ಟ ಕೋಟಿನ ತೋಳನ್ನು ನಾಲ್ಕು ಮಡಿಕೆ ಮಡಚಿದರೂ ಅದು ಬೆರಳ ತುದಿಗೆ ಬರುತ್ತಿತ್ತು. ಬಿಡಿಭಾಗ ತುಂಬಿದ ಬುಟ್ಟಿಯನ್ನು ಬಿಸಿನೀರಿನ ತೊಟ್ಟಿಗೆ ಇಳಿಸುವುದು, ಎತ್ತುವುದು ಅವಳ ಕೆಲಸ. ಮಧ್ಯಾಹ್ನ ಊಟದ ಗಂಟೆ ಮುಗಿದು ಸ್ವಲ್ಪ ಹೊತ್ತಿಗೆ ಬುಟ್ಟಿಯ ಕೊಂಡಿ ಕಳಚಿತು. ಬುಟ್ಟಿ ತೊಟ್ಟಿಗೆ ಧೊಪ್ಪನೆ ಬಿತ್ತು. ಸುಡುವ ನೀರೆಲ್ಲ ಅವಳ ಹೊಟ್ಟೆಯ ಕೆಳಗೆ, ಎರಡೂ ತೊಡೆಗಳ ಮೇಲೆ.

ಇಬ್ಬರು ಹೆಂಗಸರು ಅವಳನ್ನು ಎತ್ತಿಕೊಂಡು ಬಂದರು. ಇಪ್ಪತ್ತು ನಿಮಿಷ ತಣ್ಣೀರು ಹರಿಸಿದೆ. ಬಟ್ಟೆ ಕತ್ತರಿಸಿ ತೆಗೆದೆ. ಪರದೆ ಎಳೆದೆ. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಆಮೇಲೆ ಗೋಡೆಯ ಮೇಲಿನ ಕೈ ತೆಗೆದುಕೊಂಡೆ.

ಹೊಟ್ಟೆಯ ಮೇಲೆ ಒಂದು, ಬಲ ತೊಡೆಯ ಮೇಲೆ ಮೂರು, ಎಡ ತೊಡೆಯ ಮೇಲೆ ಮೂರು, ಮೊಣಕಾಲಿನ ಹತ್ತಿರ ಇನ್ನರ್ಧ. ಅವಳು ಹಲ್ಲು ಕಚ್ಚಿಕೊಂಡು ನಾನು ಮಾಡುವುದನ್ನೇ ನೋಡುತ್ತಿದ್ದಳು.

“ಅದು ಯಾರ ಕೈ ಐತ್ರಿ ಅಕ್ಕಾ?” ಎಂದಳು.

“ಎಲ್ಲರದ್ದೂ ಕಣಮ್ಮ” ಎಂದೆ.

“ಎಷ್ಟ್ ದೊಡ್ಡದೈತ್ರಿ” ಎಂದಳು. ಅಷ್ಟೇ. ನೋವಿನಲ್ಲಿ ಏನೋ ಬಡಬಡಿಸುತ್ತಾಳೆ ಎಂದುಕೊಂಡೆ. ಮೂವತ್ತು ಹುಡುಗಿಯರ ಜೊತೆ ಕೂಗಿ ಕೂಗಿ ಕಲಿತ ಪಾಠವನ್ನು ಅವಳು ನನಗೆ ನೆನಪಿಸುತ್ತಿದ್ದಳು. ನಾನು ಅವಳಿಗೆ ಅಲುಗಾಡಬೇಡ ಎಂದೆ.

ರಿಜಿಸ್ಟರಿನಲ್ಲೂ ಆಸ್ಪತ್ರೆಯ ಚೀಟಿಯಲ್ಲೂ ಏಳೂವರೆ ಎಂದು ಬರೆದೆ. ನಮ್ಮ ಕಾರ್ಖಾನೆಯ ನಿಯಮ ಹೀಗಿತ್ತು: ಹತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ಆಂಬುಲೆನ್ಸಿನಲ್ಲಿ ನೇರವಾಗಿ ಊರೊಳಗಿನ ದೊಡ್ಡ ಸರ್ಕಾರಿ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ, ಅದಕ್ಕಿಂತ ಕಡಿಮೆಯಾದರೆ ಕಂಪನಿಯ ವ್ಯಾನಿನಲ್ಲಿ ಪಕ್ಕದ ರಸ್ತೆಯ ನರ್ಸಿಂಗ್ ಹೋಮಿಗೆ. ಸೇಫ್ಟಿ ಆಫೀಸರ್ ಬಾಗಿಲಲ್ಲೇ ನಿಂತಿದ್ದರು. “ಎಷ್ಟು ಮೇಡಂ?” ಎಂದರು. ಅಂಕಿ ಹೇಳಿದೆ. ಅವರು ನೆಮ್ಮದಿಯಿಂದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ವ್ಯಾನ್ ಬಂತು. ನರ್ಸಿಂಗ್ ಹೋಮಿನಲ್ಲಿ ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಮಾತ್ರೆ ಕೊಟ್ಟು ಸಂಜೆಯೇ ಅವಳನ್ನು ಮನೆಗೆ ಕಳಿಸಿದರು. ಸಣ್ಣ ಗಾಯ ಎಂದು ನನ್ನ ಚೀಟಿ ಹೇಳುತ್ತಿತ್ತಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳ ಅಕ್ಕ ಗೇಟಿಗೆ ಬಂದಳು. ಮೈ ಕೆಂಡದಂತೆ ಸುಡುತ್ತಿದೆ, ಹೊಟ್ಟೆಗೆ ಏನೂ ಹೋಗುತ್ತಿಲ್ಲ, ಗಾಯ ನಾರುತ್ತಿದೆ ಎಂದಳು. ನಾನು ರಜೆ ಬರೆದಿಟ್ಟು ಆಟೋ ಹತ್ತಿ ಅವಳ ಜೊತೆ ಲಗ್ಗೆರೆಗೆ ಹೋದೆ. ತಗಡಿನ ಸೂರಿನ ಒಂದೇ ಕೋಣೆ. ಫ್ಯಾನಿನ ಕೆಳಗೆ ಚಾಪೆಯ ಮೇಲೆ ಮಲಗಿದ್ದಳು. ಪಟ್ಟಿ ಬಿಚ್ಚಿ ನೋಡಿದೆ. ಮೊದಲ ದಿನ ಕೆಂಪಗಿದ್ದ ಚರ್ಮ ಅಲ್ಲಲ್ಲಿ ಬೆಳ್ಳಗಾಗಿ, ಅಂಚಿನಲ್ಲಿ ಕೀವು ತುಂಬಿತ್ತು. ಅಲ್ಲಿಂದಲೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಯಾರನ್ನೂ ಕೇಳಲಿಲ್ಲ, ಯಾವ ಗೇಜನ್ನೂ ನೋಡಲಿಲ್ಲ.

ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಬಿಳಿ ಕೂದಲಿನ ಸಿಸ್ಟರ್ ಒಬ್ಬರಿದ್ದರು. ನನ್ನ ಚೀಟಿ ಓದಿ, ಗಾಯ ನೋಡಿ, ಮತ್ತೆ ಚೀಟಿ ನೋಡಿದರು. ಅವಳ ಬಲಗೈ ಹಿಡಿದು, ಬೆರಳು ಜೋಡಿಸಿ, ಗಾಯದ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದು ಒಂದೊಂದೇ ಕೈ ಎಣಿಸುತ್ತಾ ಹೋದರು. ಅವಳ ಕೈ ಎಷ್ಟು ಚಿಕ್ಕದು ಎಂದು ನಾನು ನೋಡಿದ್ದು ಆಗಲೇ. ಶಾಲೆಗೆ ಹೋಗುವ ಹುಡುಗಿಯ ಕೈಯಂತಿತ್ತು. ಎಣಿಕೆ ಏಳು ದಾಟಿತು. ಎಂಟು. ಒಂಬತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹನ್ನೊಂದೂವರೆಗೆ ನಿಂತಿತು.

“ಏಳೂವರೆ ಬರ್ದಿದ್ದು ಯಾರು?”

“ನಾನೇ ಸಿಸ್ಟರ್.”

“ಯಾರ ಕೈ ಇಟ್ರಿ?”

ಹೇಳಿದೆ. ಉಕ್ಕಿನ ಕೈ, ಟೂಲ್ ರೂಮು, ಆರು ತಿಂಗಳಿಗೊಮ್ಮೆ ಚೀಟಿ, ಎಲ್ಲ ಹೇಳಿದೆ. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಮೊದಲ್ನೇ ದಿನ ಬಂದಿದ್ರೆ ಇಷ್ಟು ಆಳಕ್ಕೆ ಹೋಗ್ತಿರ್ಲಿಲ್ಲವೇನೋ. ಈಗ ಬೇರೆ ಕಡೆಯಿಂದ ಚರ್ಮ ತೆಗೆದು ಕೂರಿಸ್ಬೇಕಾಗುತ್ತೆ” ಎಂದು ಮಾತ್ರ ಹೇಳಿ ಕೈ ತೊಳೆಯಲು ಹೋದರು.

ಮರುದಿನ ನಾನು ರಿಜಿಸ್ಟರಿನಲ್ಲಿ ಏಳೂವರೆಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಹನ್ನೊಂದೂವರೆ ಎಂದು ಬರೆದು ಸಹಿ ಹಾಕಿದೆ. ಸೇಫ್ಟಿ ಆಫೀಸರ್ ಕೆಂಪಗಾದರು. ವಾರ್ಡಿನ ಲೆಕ್ಕ ಹಿಂದಿನ ಸಂಜೆಯೇ ಅವರ ಕಿವಿಗೆ ಬಿದ್ದಿತ್ತು, ರಾತ್ರಿಯೆಲ್ಲ ಕೂತು ಓದಿಕೊಂಡು ಬಂದಿದ್ದರು ಅನ್ನಿಸುತ್ತದೆ.

“ನೋಡಿ ಮೇಡಂ, ಅವರವರ ಕೈಯೂ ಎಗ್ಸಾಕ್ಟ್ ಒಂದು ಪರ್ಸೆಂಟ್ ಅಲ್ವಂತೆ. ದಪ್ಪಗಿರೋರಿಗೆ ಬೇರೆ, ಹೆಂಗಸ್ರಿಗೆ ಬೇರೆ, ಒಂದೊಂದು ದೇಶದ ಜನಕ್ಕೆ ಒಂದೊಂಥರ. ಹೆಂಗಸ್ರ ಕೈ ಒಂದಕ್ಕಿಂತ ಕಮ್ಮೀನೇ ಇರುತ್ತೆ. ಅಂದ್ರೆ ಆ ಸಿಸ್ಟರ್ ಲೆಕ್ಕಾನೇ ಜಾಸ್ತಿ ಆಗಿದೆ.”

ಅವರು ಹೇಳಿದ್ದರಲ್ಲಿ ನಿಜವಿತ್ತು. ಅದು ನಿಜವಾದ್ದರಿಂದಲೇ ನನಗೆ ಇನ್ನೂ ಸಿಟ್ಟು ಬಂತು. ಜನರ ಕೈ ಒಂದೊಂಥರ ಎಂದು ಅವರಿಗೆ ಗೊತ್ತಾದದ್ದು ತಮ್ಮನ್ನು ಉಳಿಸಿಕೊಳ್ಳಬೇಕಾದ ದಿನ! ಮೂರು ವರ್ಷ ಗೋಡೆಯ ಮೇಲೆ ತಮ್ಮ ಕೈ ತೂಗುಹಾಕಿದ್ದಾಗ ಈ ಜ್ಞಾನ ಎಲ್ಲಿ ಹೋಗಿತ್ತು?

“ಸಾರ್, ಅವಳ ಕೈಯಿಂದ ಅಳೆದು ಲೆಕ್ಕ ಸ್ವಲ್ಪ ಜಾಸ್ತಿ ಬಂದಿದ್ರೆ ಏನಾಗ್ತಿತ್ತು? ಒಂದು ಆಂಬುಲೆನ್ಸ್ ಸುಮ್ನೆ ಓಡ್ತಿತ್ತು. ನಿಮ್ಮ ಕೈಯಿಂದ ಕಮ್ಮಿ ಬಂದಿದ್ದಕ್ಕೆ ಏನಾಯ್ತು ಅಂತ ವಾರ್ಡಿಗೆ ಹೋಗಿ ನೋಡ್ಕೊಂಡ್ ಬನ್ನಿ” ಎಂದೆ. ಅವರು ಹೋಗಲಿಲ್ಲ.

ತಿಂಗಳ ಸೇಫ್ಟಿ ಮೀಟಿಂಗಿಗೆ ನಾನು ಆ ಕೈಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಮೇಜಿನ ನಡುವೆ ಇಟ್ಟೆ. ಪ್ಯಾಕಿಂಗಿನಿಂದ ನಾಲ್ಕು ಜನ ಹೆಂಗಸರನ್ನು ಮೊದಲೇ ಕರೆದಿದ್ದೆ. “ಒಬ್ಬೊಬ್ರಾಗಿ ಇದರ ಮೇಲೆ ಕೈ ಇಡ್ರಮ್ಮ” ಎಂದೆ. ಇಟ್ಟರು. ಪ್ರತಿ ಕೈಯ ಸುತ್ತಲೂ ಉಕ್ಕು ಇಣುಕುತ್ತಿತ್ತು, ಬೆರಳ ತುದಿಯಿಂದ ಮುಂದೆ ಒಂದು ಗೆಣ್ಣಿನಷ್ಟು. ಒಬ್ಬಳು ನಕ್ಕಳು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. ಯಾರಿಗೂ ವಿವರಿಸುವ ಅಗತ್ಯ ಬೀಳಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು. ನಾನು ಗೆದ್ದೆ ಎಂದುಕೊಂಡೆ.

ಆಗ ಟೂಲ್ ರೂಮಿನ ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. “ಇದಕ್ಯಾಕ್ ತಲೆ ಕೆಡಿಸ್ಕೊಂತೀರಾ ಸಾರ್? ಮೂರ್ ಸೈಜ್ ಮಾಡ್ಬುಡಾನ. ಸ್ಮಾಲ್, ಮೀಡಿಯಂ, ಲಾರ್ಜು.”

ಕೋಣೆಗೆ ಕೋಣೆಯೇ ಹಗುರಾಯಿತು. ಸೇಫ್ಟಿ ಆಫೀಸರ್ ಬರೆದುಕೊಂಡರು. ಮ್ಯಾನೇಜರ್ ಒಳ್ಳೆಯ ಐಡಿಯಾ ಎಂದರು. ನಾನು ಎದ್ದು ನಿಂತು, “ಸಾರ್, ಕೈ ಪೇಷಂಟ್ ಮೈಗೇ ಅಂಟ್ಕೊಂಡು ಬಂದಿರುತ್ತೆ. ಮಾಡಿಸೋದು ಬೇಕಾಗಿಲ್ಲ” ಎಂದೆ. ಧ್ವನಿ ಜೋರಾಗಿತ್ತು, ಒಪ್ಪುತ್ತೇನೆ. “ಮೇಡಂ, ಎಮೋಷನಲ್ ಆಗ್ಬೇಡಿ” ಎಂದರು ಯಾರೋ. ಮುಂದಿನ ವಿಷಯ ಕ್ಯಾಂಟೀನಿನ ಜಾರುವ ನೆಲ.

ಹಳೆಯದರ ಜಾಗಕ್ಕೆ ಮೂರು ಕೈಗಳು ಬಂದವು. ನನ್ನ ಗೋಡೆಯ ಮೇಲೆ ಸಾಲಾಗಿ, ದೊಡ್ಡದರಿಂದ ಚಿಕ್ಕದಕ್ಕೆ. ನಾನು ಅವನ್ನು ಮುಟ್ಟಲಿಲ್ಲ. ಬಂದವರ ಕೈಯನ್ನೇ ಬಿಡಿಸಿ ಅಳೆದೆ, ಅದನ್ನೇ ಬರೆದೆ. ಯಾರೂ ತಡೆಯಲಿಲ್ಲ, ಗೋಡೆಯ ಮೇಲೆ ಕೈಗಳು ಕಾಣುತ್ತಿದ್ದರೆ ಅವರಿಗೆ ಸಾಕಾಗಿತ್ತು.

ಐದು ತಿಂಗಳ ಮೇಲೆ ಅವಳು ಕೆಲಸಕ್ಕೆ ಮರಳಿದಳು. ಆಸ್ಪತ್ರೆಗೆ ನಾನು ಆಗಾಗ ಹೋಗಿ ಬರುತ್ತಿದ್ದೆ, ಆದರೂ ಅವಳು ನಡೆದು ಒಳಗೆ ಬಂದಾಗ ಎದ್ದು ನಿಂತೆ. ಕೆಲಸಕ್ಕೆ ಯೋಗ್ಯಳೇ ಎಂದು ನಾನು ನೋಡಿ ಬರೆಯಬೇಕು. ಕೈ ಎತ್ತು ಎಂದೆ, ಎತ್ತಿದಳು. ನಡೆ ಎಂದೆ, ನಡೆದಳು. ಕುಕ್ಕರಗಾಲಲ್ಲಿ ಕೂರು ಎಂದೆ. ಅರ್ಧಕ್ಕೆ ನಿಂತಳು. ಹೊಸ ಚರ್ಮ ತೊಡೆಯ ಮೇಲೆ ಬಿಗಿದುಕೊಂಡಿತ್ತು. ಇನ್ನೊಮ್ಮೆ ಕೂರಲು ನೋಡಿದಳು, ಮೇಜು ಹಿಡಿದುಕೊಂಡು ನೋಡಿದಳು, ಆಗಲಿಲ್ಲ.

“ನೆಲದ ಮ್ಯಾಲ ಕುಂತು ರೊಟ್ಟಿ ಬಡಿಯಾಕ ಆಗವಲ್ದ್ರಿ ಅಕ್ಕಾ. ನಮ್ಮಕ್ಕನ ಮಾಡ್ತಾಳ. ನಾ ನಿಂತ್ಕೊಂಡ ಉಣ್ತೀನಿ” ಎಂದಳು. ದೂರಲಿಲ್ಲ. ಊರಿನ ಸುದ್ದಿ ಹೇಳಿದಂತೆ ಹೇಳಿದಳು. ನಿಂತು ಮಾಡುವ ಕೆಲಸಕ್ಕೆ ಮಾತ್ರ, ಬಿಸಿನೀರಿನ ತೊಟ್ಟಿಯ ಹತ್ತಿರ ಬೇಡ ಎಂದು ಬರೆಯುತ್ತಿದ್ದೆ. ಅವಳು ಗೋಡೆಯ ಹತ್ತಿರ ಹೋದಳು. ಮೂರನೆಯ, ಎಲ್ಲಕ್ಕಿಂತ ಚಿಕ್ಕ ಕೈಯ ಮೇಲೆ ತನ್ನ ಅಂಗೈ ಇಟ್ಟಳು. ಸುತ್ತಲೂ ಒಂದು ನೂಲಿನಷ್ಟು ಉಕ್ಕು ಕಾಣುತ್ತಲೇ ಇತ್ತು. ಟೂಲ್ ರೂಮಿನಲ್ಲಿ ಹೆಂಗಸರಿಲ್ಲ. ಚಿಕ್ಕ ಕೈ ಎಂದು ಅವರು ಹುಡುಕಿ ಅಚ್ಚು ತೆಗೆದದ್ದೂ ಅಲ್ಲಿನ ಒಬ್ಬ ಗಂಡಸಿನದೇ.

“ಇದಕ್ಕೂ ನಾ ಸಣ್ಣಾಕೀನ ನೋಡ್ರಿ” ಎಂದು ನಕ್ಕಳು.

ಅವಳು ಹೋದ ಮೇಲೆ ಮೂರೂ ಕೈಗಳನ್ನು ಗೋಡೆಯಿಂದ ಕಿತ್ತೆ. ಹಗಲು ಹೊತ್ತಿನಲ್ಲೇ, ಎಲ್ಲರೂ ನೋಡುವಂತೆ, ಅಂಗಳ ದಾಟಿ ಹೋಗಿ ಗುಜರಿಯ ತೊಟ್ಟಿಗೆ ಹಾಕಿ ಬಂದೆ. ದೊಡ್ಡ ಸದ್ದಾಯಿತು. ಸಮಾಧಾನವಾಯಿತು ಎಂದು ಹೇಳಲಾರೆ.

ಗೇಜುಗಳ ಉಸ್ತುವಾರಿ ವಿಭಾಗದಿಂದ ನನಗೆ ಪತ್ರ ಬಂತು: ಮೂರು ಅಳತೆ ಸಾಧನಗಳು ಕಾಣೆಯಾಗಿವೆ, ಕಾರಣ ಕೊಡಿ. ಆಮೇಲೆ ಒಂದು ಜ್ಞಾಪನೆ. ಆಮೇಲೆ ಇನ್ನೊಂದು, ಮೇಲಿನವರಿಗೆ ಪ್ರತಿಯ ಸಮೇತ. ಉಕ್ಕಿನ ಚೂರಿಗೆ ಇಷ್ಟು ಜನ ಇಷ್ಟು ಬೇಗ ಕಾಗದ ಬರೆಯಬಲ್ಲರು. ಅವಳ ತೊಡೆಗಳಿಗೆ ಏನಾಯಿತು, ಯಾಕಾಯಿತು ಎಂದು ಕೇಳಿ ಇವತ್ತಿನವರೆಗೆ ನನ್ನ ಮೇಜಿಗೆ ಒಂದು ಸಾಲೂ ಬಂದಿಲ್ಲ.

ಮೂರನೆಯ ಪತ್ರಕ್ಕೆ ಉತ್ತರ ಕೊಟ್ಟೆ. ನಮೂನೆಯಲ್ಲಿ ಕಾರಣ ಎಂಬ ಜಾಗ ಎರಡೇ ಸಾಲಿನದು. ಅದರಲ್ಲಿ ಹೀಗೆ ಬರೆದು ಸಹಿ ಹಾಕಿದೆ: “ಅದು ಯಾರ ಕೈ ಎಂದು ಗಾಯಗೊಂಡವಳು ಕೇಳಿದಳು. ಎಲ್ಲರದ್ದು ಎಂದು ನಾನು ಸುಳ್ಳು ಹೇಳಿದೆ.”